ಷಡ್ಡಕನ ದೀಪ

ನನ್ನ ಷಡ್ಡಕ ಮೃತ್ಯುಂಜಯನಲ್ಲಿ ಒಂದಾದರೂ ಕೆಟ್ಟ ಗುಣ ಇದ್ದಿದ್ದರೆ ನನಗೆ ಈ ಗತಿ ಬರುತ್ತಿರಲಿಲ್ಲ. ಅವನು ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ದನಿ ಏರಿಸುವುದಿಲ್ಲ. ಊಟಕ್ಕೆ ಕೂತರೆ ಎಲೆಯಲ್ಲಿ ಒಂದಗುಳು ಉಳಿಸುವುದಿಲ್ಲ. ಪಾತ್ರೆ ಅಂಗಡಿ ಇಟ್ಟವನು, ದಿನವಿಡೀ ಚೌಕಾಸಿ, ಆದರೆ ಎಂದೂ ಯಾವ ಗಿರಾಕಿಯ ಮೇಲೂ ರೇಗಿದ್ದನ್ನು ಯಾರೂ ಕಂಡಿಲ್ಲ. ಮದುವೆಯಾಗಿ ಎಂಟು ವರ್ಷವಾದರೂ ಹೊಟ್ಟೆ ಬಂದಿಲ್ಲ, ಕೂದಲು ಉದುರಿಲ್ಲ. ನಾನು ಅವನಿಗಿಂತ ಒಂಬತ್ತು ವರ್ಷ ಮೊದಲೇ ಆ ಮನೆಯ ಅಳಿಯನಾದವನು. ಆ ಒಂಬತ್ತು ವರ್ಷ ನಮ್ಮ ಅತ್ತೆ ಗುರುಸಿದ್ದಮ್ಮನವರಿಗೆ ನಾನೊಬ್ಬನೇ ಅಳಿಯ. ಹಬ್ಬಕ್ಕೆ ಹೋದರೆ ಹಂಚಿನ ಮೇಲಿಂದ ಇಳಿದ ಮೊದಲ ಹೋಳಿಗೆ ನನಗೆ, ನಡುಮನೆಯ ಬೆತ್ತದ ಕುರ್ಚಿ ನನಗೆ. ಆಮೇಲೆ ನನ್ನ ಹೆಂಡತಿ ಸರ್ವಮಂಗಳೆಯ ತಂಗಿ ಕಾತ್ಯಾಯಿನಿಗೆ ಇವನು ಗಂಡನಾಗಿ ಬಂದ. ಅಲ್ಲಿಂದ ಅತ್ತೆಯ ಬಾಯಲ್ಲಿ ಮೂರು ಹೊತ್ತೂ ಅವನದೇ ಹೆಸರು. ಮೃತ್ಯುಂಜಯ ಹೇಳ್ದ, ಮೃತ್ಯುಂಜಯ ತಂದ್ಕೊಟ್ಟ, ಮೃತ್ಯುಂಜಯನ ಕಾರಲ್ಲಿ ಕೂತ್ರೆ ಲೋಟದಲ್ಲಿರೋ ನೀರು ಅಲ್ಲಾಡಲ್ಲ. ನನ್ನ ಕಾರಿನಲ್ಲಿ ಕೂತರೆ ಮಾತ್ರ ಅವರಿಗೆ ಸೊಂಟ ಹಿಡಿದುಕೊಳ್ಳುತ್ತದೆ. ನನಗೆ ಹೊಟ್ಟೆಕಿಚ್ಚು ಎಂದು ಬೇರೆಯವರು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ. ಇತ್ತು, ಈಗಲೂ ಇದೆ.

ನಮ್ಮೂರಿನಲ್ಲಿ ಒಬ್ಬರ ಕಾರಿನ ಎಂಜಿನ್ನು ಕೆಟ್ಟರೆ ಅದರ ಹಳದಿ ದೀಪ ಹತ್ತುವುದು ಇನ್ನೊಬ್ಬರ ಕಾರಿನಲ್ಲಿ. ಯಾರದು ಯಾರಲ್ಲಿ ಹತ್ತುತ್ತದೆ ಎಂಬುದಕ್ಕೆ ಪಟ್ಟಿಯಿಲ್ಲ. ಆದ್ದರಿಂದ ಮೀಟರಿನ ಪಕ್ಕದ ಆ ಪುಟ್ಟ ದೀಪ ಉರಿಯಲು ಶುರುವಾದರೆ ನಾವು ನಮ್ಮ ಬಾನೆಟ್ಟು ಎತ್ತುವುದಿಲ್ಲ, ಯಾರದೆಂದು ಹುಡುಕಲು ಹೊರಡುತ್ತೇವೆ. ಭಾನುವಾರ ಬೆಳಿಗ್ಗೆ ಹಳೆಯ ಹತ್ತಿ ಮಿಲ್ಲಿನ ಬಯಲಿನಲ್ಲಿ ಕಾರುಗಳು ಸಾಲಾಗಿ ನಿಲ್ಲುತ್ತವೆ. ಮೆಕ್ಯಾನಿಕ್ ಖಲಂದರ್ ಒಂದೊಂದಾಗಿ ಅವುಗಳ ಬ್ಯಾಟರಿ ತಂತಿ ಕೀಳುತ್ತಾ, ಮತ್ತೆ ಸಿಕ್ಕಿಸುತ್ತಾ ಹೋಗುತ್ತಾನೆ. ದೀಪ ಹತ್ತಿಸಿಕೊಂಡವರು ತಮ್ಮ ತಮ್ಮ ಕಾರಿನಲ್ಲಿ ಕೀಲಿ ತಿರುಗಿಸಿ ಅದನ್ನೇ ನೋಡುತ್ತಾ ಕೂತಿರಬೇಕು. ಯಾರ ತಂತಿ ಕಿತ್ತಾಗ ನಮ್ಮ ದೀಪ ಆರುತ್ತದೋ ಅವರದೇ ಕೆಟ್ಟಿರುವುದು. ಆಗ ಇಳಿದು ಹೋಗಿ "ನಿಮ್ಮದು ನನ್ನ ಹತ್ರ ಉರೀತಿದೆ" ಎನ್ನಬೇಕು, ಅವರು "ನೋಡಿಸ್ತೀನಿ" ಎಂದು ಕಾಫಿ ಕುಡಿಸಬೇಕು. ರಿಪೇರಿಯ ಖರ್ಚು ಅವರದು, ತಂತಿ ಕಿತ್ತ ಕೂಲಿ ನಮ್ಮದು. ಬರೆದಿಟ್ಟ ಕಾನೂನೇನೂ ಅಲ್ಲ, ನಡೆದು ಬಂದದ್ದು. ಆದರೆ ಯಾರದೆಂದು ತಿಳಿದ ಮೇಲೂ ಹೇಳದೆ ಇಟ್ಟುಕೊಂಡವರನ್ನು ನಮ್ಮೂರು ಕ್ಷಮಿಸಿದ್ದಿಲ್ಲ. ಪೋಸ್ಟ್ ಮಾಸ್ತರರೊಬ್ಬರು ಹಾಗೆ ಪಕ್ಕದ ಮನೆಯವರ ದೀಪವನ್ನು ಬಚ್ಚಿಟ್ಟಿದ್ದರು. ಅವರ ಮಗಳ ಮದುವೆಯಲ್ಲಿ ಗಂಡಿನ ಕಡೆಯವರು ಬಿಟ್ಟರೆ ಉಂಡವರು ಅಡುಗೆಯವರು ಮಾತ್ರ.

ನನ್ನ ಕಾರಿನಲ್ಲಿ ದೀಪ ಹತ್ತಿ ಏಳು ತಿಂಗಳಾಗಿತ್ತು. ಭಾನುವಾರ ತಪ್ಪದೆ ಬಯಲಿಗೆ ಹೋದೆ. ಡಾಕ್ಟರರ ಕಾರು, ಶಾಲೆಯ ವ್ಯಾನು, ಹಾಲಿನ ಡೈರಿಯ ಜೀಪು, ಬಯಲಿಗೆ ಬಂದ ಯಾವುದನ್ನೂ ಬಿಡಲಿಲ್ಲ. ಖಲಂದರ್ ಕೀಳುತ್ತಾ ಹೋದ, ನಾನು ಕೊಡುತ್ತಾ ಹೋದೆ, ದೀಪ ಮಿಸುಕಲಿಲ್ಲ. ಬೇಸತ್ತು ಒಮ್ಮೆ ದೂರದ ಪಟ್ಟಣದ ಗ್ಯಾರೇಜಿಗೂ ಒಯ್ದೆ. ನಮ್ಮೂರಿನ ರೀತಿ ತಿಳಿಯದ ಅವರು ಮೂರು ಸೆನ್ಸರ್ ಬದಲಾಯಿಸಿ, ಇಂಜೆಕ್ಟರ್ ತೊಳೆದು, ನನ್ನ ಕನ್ನಡಕದ ಅಂಗಡಿಯ ಎರಡು ತಿಂಗಳ ಸಂಪಾದನೆಯಷ್ಟು ಬಿಲ್ಲು ಕೈಗಿಟ್ಟರು. ದೀಪ ಉರಿಯುತ್ತಲೇ ಮನೆಗೆ ಬಂದೆ. ಸರ್ವಮಂಗಳೆ ಬಿಲ್ಲು ನೋಡಿ, "ಹುಚ್ಚೇನ್ರೀ ನಿಮಗೆ? ಪಕ್ಕದ ಮನೆಯೋರಿಗೆ ಜ್ವರ ಅಂತ ನೀವು ಸೂಜಿ ಹಾಕಿಸ್ಕೊಂಡಂಗಾಯ್ತಲ್ಲ" ಎಂದಳು. ಅತ್ತೆಯೂ ಬಂದವರ ಮುಂದೆಲ್ಲ "ಪಾಪ, ನಮ್ಮ ರೇವಣಸಿದ್ದಪ್ಪೋರ ಕಾರು ಇನ್ನೂ ಉರೀತಾನೇ ಇದೆ" ಎನ್ನುವರು. ಆ ಪಾಪ ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೃತ್ಯುಂಜಯನ ಕಾರಿನಲ್ಲಿ ಕೊಂಡ ದಿನದಿಂದ ಒಂದು ದೀಪವೂ ಹತ್ತಿದ್ದಿಲ್ಲ. ಅದಕ್ಕೆ ಅವನು ಮಾಡಿದ್ದೇನೂ ಇಲ್ಲ, ಯಾರದೋ ಎಂಜಿನ್ನು ಚೆನ್ನಾಗಿತ್ತು ಅಷ್ಟೆ. ಆದರೂ ಅತ್ತೆಗೆ ಅದೂ ಅವನದೇ ಗುಣ. ಅವನ ಕಾರು ಬಯಲಿಗೂ ಬರುತ್ತಿರಲಿಲ್ಲ, ಏಕೆಂದರೆ ಭಾನುವಾರ ಅತ್ತೆಯನ್ನು ಕಲ್ಲುಮಠಕ್ಕೆ ಕರೆದುಕೊಂಡು ಹೋಗುವ ಪುಣ್ಯ ಅವನದು. ಸಂಜೆ ನನ್ನ ಮನೆಯ ಮುಂದೆ ನಿಲ್ಲಿಸಿ, "ಈ ವಾರಾನೂ ಸಿಗ್ಲಿಲ್ವಾ ಅಣ್ಣ?" ಎಂದು ಕೇಳುವನು. ನಿಜವಾದ ಮರುಕದಿಂದಲೇ ಕೇಳುವನು. ಅಣಕದಿಂದ ಕೇಳಿದ್ದರೆ ಎಷ್ಟೋ ವಾಸಿಯಾಗಿತ್ತು.

ಬಸವ ಜಯಂತಿಯ ದಿನ ಎಲ್ಲರೂ ಅತ್ತೆಯ ಮನೆಯಲ್ಲಿ ಸೇರಿದ್ದೆವು. ಅವನ ಕಾರಿನ ಬ್ಯಾಟರಿ ಹಳತಾಗಿತ್ತೆಂದು ಹೊಸದು ಹಾಕಲು ಖಲಂದರ್ ಅಂಗಳಕ್ಕೇ ಬಂದ. ಅವನಿಗೆ ಜಾಗ ಬೇಕೆಂದು ನಾನು ನನ್ನ ಕಾರನ್ನು ಹಿಂದೆ ತೆಗೆಯಲು ಹತ್ತಿ ಕೀಲಿ ತಿರುಗಿಸಿದೆ. ಎಂದಿನಂತೆ ದೀಪ ಉರಿಯುತ್ತಿತ್ತು. ಖಲಂದರ್ ಹಳೆಯ ಬ್ಯಾಟರಿ ಎತ್ತಿದ, ದೀಪ ಆರಿತು. ಹೊಸದನ್ನು ಕೂರಿಸಿ ತಂತಿ ಬಿಗಿದ, ದೀಪ ಹತ್ತಿತು. ಅವರಿಬ್ಬರೂ ಬಾನೆಟ್ಟಿನೊಳಗೆ ತಲೆ ಹಾಕಿದ್ದರು, ನೋಡಿದವನು ನಾನೊಬ್ಬನೇ. ಇಳಿದು ಹೇಳಬೇಕೆಂದೇ ಬಾಗಿಲು ತೆರೆದೆ, ದೇವರಾಣೆ. ಅಷ್ಟರಲ್ಲಿ ಅತ್ತೆ ಪಾನಕದ ತಟ್ಟೆ ಹಿಡಿದು ಹೊರಗೆ ಬಂದರು. ಮೃತ್ಯುಂಜಯನಿಗೆ ಕೊಟ್ಟರು, ಖಲಂದರನಿಗೆ ಕೊಟ್ಟರು, ಖಾಲಿ ತಟ್ಟೆ ಹಿಡಿದು ಒಳಗೆ ಹೋದರು. ನಾನು ಬಾಗಿಲು ಮುಚ್ಚಿಕೊಂಡೆ.

ಆಮೇಲಿನ ನಲವತ್ತೊಂದು ದಿನ ನಾನು ಸುಖವಾಗಿದ್ದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಸುಳ್ಳು ಹೇಳಿ ಏನು ಬಂತು. ಅವನ ಕಾರು ಪಳಪಳ ಹೊಳೆಯುತ್ತಾ ನನ್ನ ಅಂಗಡಿಯ ಮುಂದೆ ಹಾದು ಹೋಗುವುದು, ಅತ್ತೆ ಮುಂದಿನ ಸೀಟಿನಲ್ಲಿ ಕೂತು ಊರಿಗೆಲ್ಲ ಮುಖ ತೋರಿಸುವರು, ಆ ಬಾನೆಟ್ಟಿನ ಕೆಳಗೆ ಏನೋ ಕೆಟ್ಟು ಕೂತಿದೆ ಎಂದು ಇಡೀ ಊರಿನಲ್ಲಿ ನನಗೊಬ್ಬನಿಗೇ ಗೊತ್ತು. ತನ್ನದು ಕೆಟ್ಟಿದೆ ಎಂದು ಅವನಿಗೇ ಗೊತ್ತಿಲ್ಲ. ಏಳು ತಿಂಗಳು ಶಾಪ ಹಾಕಿದ ದೀಪವನ್ನು ನಾನು ಈಗ ಬಟ್ಟೆಯಿಂದ ಒರೆಸತೊಡಗಿದೆ. ಬಯಲಿಗೆ ಹೋಗುವುದನ್ನು ನಿಲ್ಲಿಸಿ, "ಸಾಕಾಯ್ತು, ಉರಿದ್ರೆ ಉರೀಲಿ ಬಿಡು" ಎಂದೆ. ಮುಂದಿನ ವಾರ ಹೇಳೋಣ ಎಂದು ಮೊದಮೊದಲು ಅಂದುಕೊಂಡಿದ್ದೂ ಉಂಟು. ಆದರೆ ಒಂದೊಂದು ದಿನ ಕಳೆದಂತೆ ಹೇಳುವುದು ಇನ್ನಷ್ಟು ಕಷ್ಟವಾಯಿತು. ಯಾವಾಗಿಂದ ಗೊತ್ತಿತ್ತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರಲ್ಲ.

ಆ ಹೊತ್ತಿಗೆ ಬೆಟ್ಟದಾಚೆಯ ಹಳ್ಳಿಯಿಂದ ಸುದ್ದಿ ಬಂತು. ಅತ್ತೆಯ ಅಣ್ಣ ಚನ್ನಮಲ್ಲಪ್ಪನವರು ಹಾಸಿಗೆ ಹಿಡಿದಿದ್ದರು. ತಾಯಿ ಸಾಯುವಾಗ ಮಗಳಿಗೆಂದು ಹೇಳಿಟ್ಟ ಎಮ್ಮೆಯನ್ನು ಅಣ್ಣ ಮಾರಿಕೊಂಡರೆಂಬ ಕಾರಣಕ್ಕೆ ಅಣ್ಣತಂಗಿಗೆ ಹತ್ತೊಂಬತ್ತು ವರ್ಷ ಮಾತಿರಲಿಲ್ಲ. ಈಗ ಅವರೇ ಹೇಳಿ ಕಳಿಸಿದ್ದರು, "ಗುರುಸಿದ್ದಿ ಒಂದ್ಸಲ ಬರ್ಲಿ, ನಾನು ಅವಳ ಹತ್ರ ತಪ್ಪಾಯ್ತು ಅನ್ಬೇಕು." ಅತ್ತೆಗೆ ಹೋಗುವ ಆಸೆ, ಬಿಗುಮಾನ ಬಿಡದು. ಹದಿನೈದು ದಿನ ಹಾಗೇ ಕಳೆದರು. ನಾನು ದಿನಾ ಸಂಜೆ ಹೋಗಿ, "ನಿಮ್ಮ ಅಣ್ಣನವರು ಹೇಗಿದ್ದಾರಂತೆ ಅತ್ತೆ?" ಎಂದು ವಿಚಾರಿಸಿಕೊಂಡು ಬರುತ್ತಿದ್ದೆ. ಅದರಲ್ಲಾದರೂ ಮೃತ್ಯುಂಜಯನಿಗಿಂತ ಮುಂದಿರಬೇಕೆಂಬ ಆಸೆ ನನ್ನದು. ಹದಿನಾರನೆಯ ದಿನ ಸಂಜೆ ಫೋನು ಬಂತು, ನಾಳೆ ಮಧ್ಯಾಹ್ನ ಕಂಡರೆ ಹೆಚ್ಚು ಎಂದು ಡಾಕ್ಟರರು ಹೇಳಿದ್ದರಂತೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು, "ಹೋಗ್ತೀನಿ ಕಣ್ರೇ. ಅವನು ತಪ್ಪಾಯ್ತು ಅನ್ನೋದೂ ಬೇಡ, ಅಣ್ಣಾ ಅಂತ ಒಂದ್ಸಲ ಕರೆದು ಬಂದ್ಬಿಡ್ತೀನಿ" ಎಂದರು.

ಆ ಕಾರಿನಲ್ಲಿ ಬೆಟ್ಟ ಹತ್ತುವುದು ಬೇಡವೆಂದು ಆಗ ನನಗೆ ನಿಜವಾಗಿ ಅನ್ನಿಸಿತು. "ಅತ್ತೆ, ನನ್ನ ಕಾರಲ್ಲೇ ಹೋಗೋಣ. ನಿಧಾನಕ್ಕೆ ಓಡಿಸ್ತೀನಿ" ಎಂದೆ. ಅವರು ಒಪ್ಪಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. "ಬೇಡಿ ರೇವಣಸಿದ್ದಪ್ಪೋರೇ, ನಿಮಗ್ಯಾಕೆ ತೊಂದ್ರೆ. ಮೃತ್ಯುಂಜಯ ಇದ್ದಾನೆ" ಎಂದರು. ಸರಿ, ಮೃತ್ಯುಂಜಯನ ಜೊತೆಗೇ ಹೋಗಲಿ ಎಂದುಕೊಂಡೆ. ನಲವತ್ತು ದಿನ ಏನೂ ಆಗದ್ದು ನಾಳೆಯೇ ಏಕೆ ಆಗಬೇಕು ಎಂದು ಸಮಾಧಾನವನ್ನೂ ಹೇಳಿಕೊಂಡೆ.

ಬೆಳಿಗ್ಗೆ ಆರೂವರೆಗೆ ಹೊರಟರು. ಹಿಂದೆ ಅಕ್ಕತಂಗಿ ಇಬ್ಬರೂ ಕೂತರು, ಮುಂದೆ ಅತ್ತೆ. ನಾನು ಗೇಟಿನ ಬಳಿ ನಿಂತಿದ್ದೆ. ಮೃತ್ಯುಂಜಯ ಗಾಜು ಇಳಿಸಿ, "ಬರ್ತೀವಿ ಅಣ್ಣ" ಎಂದ. ನಿಮ್ಮದು ನನ್ನ ಹತ್ರ ಉರೀತಿದೆ, ಇಷ್ಟೇ ಹೇಳಬೇಕಾಗಿದ್ದುದು. ಅತ್ತೆ ಅವನ ತೋಳಿನ ಮೇಲೆ ಕೈಯಿಟ್ಟು, "ನೀನಿದ್ದೀಯಲ್ಲ, ಅದೇ ನಂಗೆ ಧೈರ್ಯ" ಎಂದರು. ನನ್ನ ಕಡೆ ಅವರು ತಿರುಗಲೂ ಇಲ್ಲ. ನಾನು ಹೋಗಿ ಬನ್ನಿ ಎಂದು ಕೈ ಬೀಸಿದೆ.

ಅಂಗಡಿ ತೆರೆಯುವ ಮನಸ್ಸಾಗಲಿಲ್ಲ. ನನ್ನ ಕಾರಿನಲ್ಲಿ ಕೂತು ಕೀಲಿ ತಿರುಗಿಸಿ ದೀಪ ನೋಡತೊಡಗಿದೆ. ಉರಿಯುತ್ತಿರುವವರೆಗೆ ಯಾರೂ ಅವರ ಕಾರಿನ ತಂತಿ ಕಿತ್ತಿಲ್ಲ, ಎಂದರೆ ಕಾರು ಓಡುತ್ತಿದೆ ಎಂದೇ ಅರ್ಥ. ಏಳು ಗಂಟೆಯಾಯಿತು, ಏಳೂವರೆಯಾಯಿತು. ಎಂಟಕ್ಕೆ ಹತ್ತು ನಿಮಿಷ ಇದೆ ಎನ್ನುವಾಗ ದೀಪ ಆರಿತು. ಕಾರಿನಲ್ಲಿ ಹೊಗೆ ಬಂದರೆ ಮೊದಲು ಬ್ಯಾಟರಿ ತಂತಿ ಕೀಳಬೇಕೆಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಮೃತ್ಯುಂಜಯ ಅದನ್ನೇ ಮಾಡಿರಬೇಕು. ಎಂಟು ತಿಂಗಳಾದ ಮೇಲೆ ನನ್ನ ಮೀಟರಿನ ಹಲಗೆ ಕಪ್ಪಾಗಿ, ಶುಭ್ರವಾಗಿ, ಅವನದರ ಹಾಗೆಯೇ ಕಾಣುತ್ತಿತ್ತು. ನಾನು ಒಡನೆ ಹೊರಡಲಿಲ್ಲ. ಹತ್ತು ನಿಮಿಷ ಅದನ್ನೇ ನೋಡುತ್ತಾ ಕೂತೆ. ಹಾಯಾಗಿತ್ತು. ಆಮೇಲೆ ಚನ್ನಮಲ್ಲಪ್ಪನವರ ನೆನಪಾಗಿ, ಗಾಡಿ ಓಡಿಸಿದೆ.

ಬೆಟ್ಟದ ಮೂರನೆಯ ತಿರುವಿನಲ್ಲಿ ಸಿಕ್ಕರು. ಬಾನೆಟ್ಟು ತೆರೆದಿತ್ತು, ಸುಟ್ಟ ರಬ್ಬರಿನ ವಾಸನೆ. ಅತ್ತೆ ಮೈಲಿಗಲ್ಲಿನ ಮೇಲೆ ಕೂತು ರಸ್ತೆಯನ್ನೇ ನೋಡುತ್ತಿದ್ದರು. ಹೋಗುವ ಲಾರಿಯೊಂದಕ್ಕೆ ಕೈ ಅಡ್ಡ ಹಾಕಿ ಮೃತ್ಯುಂಜಯ ಸೋತು ನಿಂತಿದ್ದ. ನನ್ನನ್ನು ನೋಡಿ ಅತ್ತೆ ಎದ್ದುಬಿಟ್ಟರು. "ದೇವರು ಬಂದಂಗೆ ಬಂದ್ರಿ" ಎಂದರು. ಸರ್ವಮಂಗಳೆ ಮಾತ್ರ ನನ್ನ ಮುಖವನ್ನೇ ನೋಡಿದಳು. "ಇಲ್ಲಿ ಫೋನೇ ಸಿಗ್ತಾ ಇಲ್ಲ. ನಿಮಗೆ ಹೇಗ್ರೀ ಗೊತ್ತಾಯ್ತು?" ಎಂದಳು.

ನಮ್ಮೂರಿನವರಿಗೆ ಈ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಅವಳು ನನ್ನ ಕಾರಿನೊಳಗೆ ಬಗ್ಗಿ ನೋಡಿದಳು. ಕಾತ್ಯಾಯಿನಿಯೂ ನೋಡಿದಳು. ಮೀಟರಿನ ಪಕ್ಕದಲ್ಲಿ ದೀಪ ಉರಿಯುತ್ತಿರಲಿಲ್ಲ. ಆಗ ಮೃತ್ಯುಂಜಯ ಮಸಿಯಾದ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದು, "ಅಣ್ಣನ ಹತ್ರ ಉರೀತಿದ್ದದ್ದು ನಂದೇ ಅತ್ತಿಗೆ. ಅವರು ಹೋದ ತಿಂಗಳೇ ಹೇಳಿದ್ರು. ನಾನೇ ಇವತ್ತು ನಾಳೆ ಅಂತ ನೋಡಿಸ್ಲಿಲ್ಲ" ಎಂದ. ಅಷ್ಟು ಸಲೀಸಾಗಿ ಹೇಳಿದ. ಹೇಳಿ, ಅತ್ತೆಯ ಚೀಲವನ್ನು ನನ್ನ ಕಾರಿಗೆ ಹಾಕಿದ.

ಅವನ ಕಾರನ್ನು ಅಲ್ಲೇ ಬಿಟ್ಟು ಹೊರಟೆವು. ಅತ್ತೆ ನನ್ನ ಪಕ್ಕದಲ್ಲಿ ಕೂತಿದ್ದರು, ಹಿಂದೆ ಅವರು ಮೂವರು. ನಾನು ಎಂದೂ ಓಡಿಸದಷ್ಟು ಜೋರಾಗಿ ಓಡಿಸಿದೆ. ಹಳ್ಳಿಯ ಮನೆಯ ಮುಂದೆ ಜನ ನಿಂತಿದ್ದನ್ನು ಕಂಡಾಗಲೇ ತಿಳಿಯಿತು. ಚನ್ನಮಲ್ಲಪ್ಪನವರ ಸೊಸೆ ಅತ್ತೆಯ ಕೈಹಿಡಿದು, "ಅರ್ಧ ಗಂಟೆ ಆಯ್ತು ಅತ್ತೆಮ್ಮ. ಬಾಗಿಲ ಕಡೆಗೇ ತಿರುಗ್ಸಿ ಮಲಗ್ಸು ಅಂದ್ರು, ಮಲಗಿಸಿದ್ವಿ. ಕೊನೇವರ್ಗೂ ಬಂದ್ಲಾ, ಬಂದ್ಲಾ ಅಂತಿದ್ರು" ಎಂದಳು. ಅತ್ತೆ ಒಳಗೆ ಹೋಗಿ ಅಣ್ಣಾ ಎಂದು ಕರೆದದ್ದು ಅಂಗಳಕ್ಕೆ ಕೇಳಿಸಿತು. ಮೂರು ಸಲ ಕರೆದರು.

ಹೊರಗೆ ಬಂದಾಗ ಅವರ ಕಣ್ಣಲ್ಲಿ ನೀರಿರಲಿಲ್ಲ. ನೇರವಾಗಿ ಮೃತ್ಯುಂಜಯನ ಮುಂದೆ ಹೋಗಿ ನಿಂತರು. "ಹೇಳಿದ್ರೂ ನೋಡಿಸ್ಲಿಲ್ಲ ನೀನು. ನಿನ್ನ ನಂಬ್ಕೊಂಡು ಹೊರಟೆನಲ್ಲೋ ನಾನು. ಹೋಗು, ನನ್ನ ಕಣ್ಣಿಗೆ ಬೀಳ್ಬೇಡ" ಎಂದರು. ಅಂಗಳದ ಜನವೆಲ್ಲ ನೋಡುತ್ತಿತ್ತು. ಅವನು ತಲೆ ತಗ್ಗಿಸಿದ. ಆಮೇಲೆ ಅವರು ನನ್ನ ಬಳಿ ಬಂದು, ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನೀವಾದ್ರೂ ಓಡಿ ಬಂದ್ರಿ. ಇನ್ಮೇಲೆ ನಂಗೆ ನೀವೇ" ಎಂದರು.

ಆರು ವರ್ಷದಿಂದ ಕಾದ ಮಾತು. ಬಾಯಿ ಮುಚ್ಚಿಕೊಂಡಿದ್ದರೆ ಅದು ನನ್ನದಾಗಿ ಉಳಿಯುತ್ತಿತ್ತು. ಆದರೆ ಅವರ ಹೆಗಲಾಚೆ ಮೃತ್ಯುಂಜಯ ಕಾಣುತ್ತಿದ್ದ. ಮಾಡದ ತಪ್ಪನ್ನು ಹೊತ್ತು, ನೆಲ ನೋಡುತ್ತಾ, ಎಳ್ಳಷ್ಟೂ ಬೇಸರವಿಲ್ಲದೆ ನಿಂತಿದ್ದ. ನನಗೆ ತಡೆಯಲಾಗಲಿಲ್ಲ. ಪಶ್ಚಾತ್ತಾಪದಿಂದ ಬಾಯಿಬಿಟ್ಟೆ ಎಂದು ಹೇಳಿಕೊಂಡರೆ ಚೆನ್ನಾಗಿರುತ್ತದೆ, ಆದರೆ ನಿಜವಲ್ಲ. ದೊಡ್ಡತನದಲ್ಲೂ ಅವನೇ ನನಗಿಂತ ಮುಂದೆ ಹೋಗುವುದನ್ನು ನೋಡಿಕೊಂಡಿರಲು ನನ್ನಿಂದ ಆಗಲಿಲ್ಲ. "ಅವನು ಸುಳ್ಳು ಹೇಳ್ತಿದ್ದಾನೆ ಅತ್ತೆ. ನಾನು ಅವನಿಗೆ ಹೇಳಿರ್ಲಿಲ್ಲ" ಎಂದೆ.

ಅತ್ತೆ ಕೈ ಬಿಡಲಿಲ್ಲ. "ಎಷ್ಟು ದಿನದಿಂದ ಗೊತ್ತಿತ್ತು?" ಎಂದರು. ಬಸವ ಜಯಂತಿಯಿಂದ ಎಂದೆ. ಅವರು ಮನಸ್ಸಿನಲ್ಲೇ ಎಣಿಸಿದ ಹಾಗಿತ್ತು. "ಅಂದ್ರೆ ನಮ್ಮಣ್ಣ ಮಲಗಿದಾಗಿಂದ ನೀವು ದಿನಾ ಬಂದು ಹೇಗಿದ್ದಾರೆ ಅಂತ ಕೇಳ್ತಿದ್ರಲ್ಲ, ಆಗೆಲ್ಲ ಗೊತ್ತಿತ್ತು" ಎಂದರು. ಹೌದು ಎಂದೆ. ಆಗ ಕೈ ಬಿಟ್ಟರು. ಬೈಯಲಿಲ್ಲ. ಬೈಯಲಿ ಎಂದು ನಾನು ಕಾಯುತ್ತಾ ನಿಂತೆ, ಅವರು ಒಳಗೆ ಹೋದರು. ಸರ್ವಮಂಗಳೆಯೂ ಅವರ ಹಿಂದೆ ಹೋದಳು.

ಮೃತ್ಯುಂಜಯನನ್ನು ಮೊದಲ ಬಾರಿಗೆ ಸಿಟ್ಟಿನಲ್ಲಿ ನೋಡಿದ್ದು ಆಗಲೇ. ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ, "ಯಾಕೆ ಹೇಳಿದ್ರಿ ಅಣ್ಣ?" ಎಂದ. "ನನ್ನ ಪರವಾಗಿ ನೀನು ಬೈಸಿಕೊಳ್ಳೋದು ಬೇಡ" ಎಂದೆ. "ನಿಮ್ಮ ಪರವಾಗಿ ಯಾರು ಬೈಸ್ಕೊಂಡ್ರು? ನನ್ನ ಮೇಲಾದ್ರೆ ಅವರ ಸಿಟ್ಟು ನಾಲ್ಕು ದಿನ. ಐದನೇ ದಿನ ಅವರೇ ಉಪ್ಪಿಟ್ಟು ಮಾಡಿ ಕರೀತಾರೆ. ನಿಮ್ಮ ಮೇಲಾದ್ರೆ ಹಾಗಲ್ಲ. ಅವರಿಗೆ ಅಣ್ಣ ಹೋದ, ಈಗ ದೊಡ್ಡ ಮಗಳ ಮನೇನೂ ಹೋಯ್ತು" ಎಂದ.

ನಾಲ್ಕು ದಿನ. ಲೆಕ್ಕ ಹಾಕಿ ಹೇಳಿದ ಹಾಗೆ ಹೇಳಿದ. ಅತ್ತೆಯ ಪ್ರೀತಿಯ ಮೇಲೆ ಅಷ್ಟು ನಂಬಿಕೆ ಅವನಿಗೆ, ಯಾವ ತಪ್ಪನ್ನು ಬೇಕಾದರೂ ಮೈಮೇಲೆ ಎಳೆದುಕೊಳ್ಳಬಲ್ಲ. ಅವನ ಕಾರು, ಅವನ ಕೂದಲು, ಅವನಿಗೆ ಸಿಗುವ ಮೊದಲ ಹೋಳಿಗೆ, ಇವನ್ನೆಲ್ಲ ಕಂಡು ಕರುಬಿದ ನಾನು ಮೂರ್ಖ. ಕರುಬಬೇಕಾದದ್ದು ಆ ನಂಬಿಕೆಗೆ ಎಂದು ಆ ಹಿತ್ತಿಲಿನಲ್ಲಿ ನಿಂತಾಗ ಗೊತ್ತಾಯಿತು.

ಅವನು ಹೇಳಿದ ಹಾಗೆಯೇ ಆಗಿದೆ. ಎರಡು ವರ್ಷವಾಯಿತು, ಅತ್ತೆ ನಮ್ಮ ಮನೆಯ ಹೊಸ್ತಿಲು ತುಳಿದಿಲ್ಲ. ಊರಿನಲ್ಲಿ ಯಾರ ಮುಂದೆಯೂ ನನ್ನ ವಿಷಯ ಎತ್ತಿಲ್ಲ. ಆದ್ದರಿಂದ ಎಲ್ಲರೂ ನನ್ನನ್ನು ಮದುವೆಗಳಿಗೆ ಕರೆಯುತ್ತಾರೆ, ನನ್ನ ಅಂಗಡಿಯಲ್ಲಿ ಕನ್ನಡಕ ಕೊಳ್ಳುತ್ತಾರೆ. ಸರ್ವಮಂಗಳೆ ಅಡುಗೆ ಮಾಡಿ ಬಡಿಸುತ್ತಾಳೆ, ನನ್ನ ಕಾರು ಹತ್ತುವುದಿಲ್ಲ. ತಾಯಿಯನ್ನು ನೋಡಲು ಅವಳು ಹೋಗುವುದು ಭಾನುವಾರ, ಮೃತ್ಯುಂಜಯನೇ ಬಂದು ಕರೆದುಕೊಂಡು ಹೋಗುತ್ತಾನೆ. ಹಾರ್ನ್ ಕೇಳಿದ ಕೂಡಲೇ ನಾನು ಹೋಗಿ ಗೇಟು ತೆಗೆಯುತ್ತೇನೆ. ಅವಳು ಹತ್ತಿ ಕೂತ ಮೇಲೆ ಅವನು ಗಾಜು ಇಳಿಸಿ, "ನೀವೂ ಬನ್ನಿ ಅಣ್ಣ, ನಾನು ಮಾತಾಡ್ತೀನಿ ಅತ್ತೆ ಹತ್ರ" ಎನ್ನುತ್ತಾನೆ. ಅಂಗಡಿ ಇದೆ ಎನ್ನುತ್ತೇನೆ. ಭಾನುವಾರ ನನ್ನ ಅಂಗಡಿ ತೆರೆಯುವುದಿಲ್ಲ ಎಂದು ಅವನಿಗೂ ಗೊತ್ತು. ಆದರೂ ವಾರ ವಾರ ಕೇಳುತ್ತಾನೆ. ಒಂದೇ ಒಂದು ವಾರ ಅವನು ಕೇಳಲು ಮರೆಯಲಿ ಎಂದು ಎರಡು ವರ್ಷದಿಂದ ಕಾಯುತ್ತಿದ್ದೇನೆ, ಇನ್ನೂ ಮರೆತಿಲ್ಲ.